ಉಗುರಿನ ಗುರುತು

ಕಾಲಾಘೋಡಾದ ಮ್ಯೂಸಿಯಮ್ಮಿನಲ್ಲಿ
ಗಾಜಿನೊಳಗೆ ಅಂಗೈಯಗಲ ಮಣ್ಣು.
ಬ್ಯಾಬಿಲೋನಿನ ಸಾಲಪತ್ರ, ಎನ್ನುತ್ತದೆ ಚೀಟಿ:
ಐದು ಅಳತೆ ಬಾರ್ಲಿ, ಸುಗ್ಗಿಗೆ ವಾಪಸು.
ಮುದ್ರೆಯಿಲ್ಲದ ಯಾವನೋ
ಅಂಚಿಗೆ ಉಗುರೊತ್ತಿದ್ದಾನೆ.

ಕಾವಲಿನ ಭುಜಂಗ ಮೂಲ್ಯನಿಗೆ
ಆ ಮೊಳೆಮೊಳೆ ಅಕ್ಷರ ಬಾರದು; ಮಣ್ಣು ಬರುತ್ತದೆ.
ಸರಿಯಾಗಿ ಸೋಸಿಲ್ಲ, ಹೊಳೆಮರಳಿದೆ.
ಒತ್ತುವಾಗ ಆರುತ್ತ ಬಂದಿತ್ತು.
ಎರಡು ಸಲ ಒತ್ತಿದ್ದಾನೆ ಮಾರಾಯ,
ಮೊದಲ ಸಲ ಕೈ ನಡುಗಿರಬೇಕು.

"ತೀರಿಸಿದನಾ ಮೇಡಂ?"
ಪಾಗ್ನಿಸ್ ಮೇಡಂ ಕನ್ನಡಕ ಒರೆಸಿದರು:
"ತೀರಿಸಿದ್ದರೆ ಒಡೆದು ಹಾಕುತ್ತಿದ್ದರು.
ಇದು ಇಡಿಯಾಗಿದೆ."

ಸಂಜೆ ಆರು. ಹೊರಗೆ ಫೋರ್ಟಿನ ಜನ
ಅದೇ ಊರು ಕೊಟ್ಟ ಅರವತ್ತು ನಿಮಿಷಗಳನ್ನು ಎಣಿಸುತ್ತ
ಚರ್ಚ್‌ಗೇಟಿಗೆ ಓಡುತ್ತಿದ್ದರು.
ಭುಜಂಗ ದೀಪ ಆರಿಸಿದ,
ಗಾಜಿನ ಬೀಗ ಒಮ್ಮೆ ಜಗ್ಗಿ ನೋಡಿದ.
ಭದ್ರವಾಗಿತ್ತು.
ಪಾಪ, ಬಡ್ಡಿ ಎಷ್ಟಾಯಿತೋ, ಅಂದ.