ಎಲ್ಲೀಮಟ

ಫಾರ್ಮಿನಲ್ಲಿ ಒಂದು ಕಾಲಂ ಇದೆ:
ನೀರು ಏರಿದ ಗರಿಷ್ಠ ಮಟ್ಟ, ಮೀಟರುಗಳಲ್ಲಿ.
ಅದನ್ನೇ ಕೇಳುತ್ತ ಹೊರಟಿದ್ದೇನೆ ಏಪ್ರಿಲ್ ಬಿಸಿಲಲ್ಲಿ
ವಡಗಾವಿಯ ಗಲ್ಲಿ ಗಲ್ಲಿ, ಬಾಗಿಲು ಬಾಗಿಲು.
ಹಿಂದೆ ಇರ್ಫಾನ, ಅವನ ಹೆಗಲಿಗೆ ಮಡಚಿದ ಅಳತೆಕೋಲು,
ಅವನ ಹಿಂದೆ ಕೋಲಿಗೆ ಬೊಗಳುವ ನಾಯಿ.

ಎಲ್ಲೀಮಟ ಬಂದಿತ್ರಿ ನೀರು?

ಮೀಟರಿನಲ್ಲಿ ಯಾರೂ ಹೇಳಲಿಲ್ಲ.
ಒಬ್ಬಳು ಸೀರೆಯ ನಿರಿಗೆ ತೋರಿಸಿದಳು.
ಒಬ್ಬ ಗ್ಯಾಸಿನ ಕಟ್ಟೆ ಬಡಿದ.
“ನಮ್ಮ ಮಾವನ ಫೋಟೋದ ಹಾರದ ತುದಿ ತೊಯ್ದಿತ್ತು ನೋಡ್ರಿ,
ಮಾರಿ ಮುಟ್ಟಲಿಲ್ಲ.”
ಶಾಲೆಯ ಹುಡುಗಿ ಕುತ್ತಿಗೆಗೆ ಕೈ ಹಚ್ಚಿ,
ಅರೆಗಳಿಗೆ ಯೋಚಿಸಿ, ಎದೆಗೆ ಇಳಿಸಿದಳು:
“ಆಗ ನಾ ಗಿಡ್ಡ ಇದ್ದೆ.”

ಇರ್ಫಾನ ಕೋಲು ಬಿಚ್ಚುತ್ತಾನೆ, ನಾನು ಓದುತ್ತೇನೆ.
ನಿರಿಗೆ, ಪಾಯಿಂಟ್ ಒಂಬತ್ತು.
ಮಾವ, ಒಂದು ಪಾಯಿಂಟ್ ಆರು.

ಮೋರಿಯನ್ನೂ ಅಳೆಯಬೇಕು: ಅಗಲ, ಆಳ, ಹೂಳು.
ಹಾಸುಗಲ್ಲಿನ ಸಂದಿಯಿಂದ ಕಬ್ಬಿಣದ ಸರಳು ಇಳಿಸಿದರೆ
ನೂಲಿನ ಗಂಟು, ಹಾಲಿನ ಪಾಕೀಟು,
ಹೋದ ವರ್ಷದ ಗಣಪತಿಯ ಸೊಂಡಿಲು.
ಮುಂದಿನ ಕಲ್ಲು ಎತ್ತೋಣವೆಂದರೆ ಮೇಲೊಂದು ಬೈಕು;
ಬೈಕಿನ ಮಾಲೀಕ ಊಟಕ್ಕೆ ಹೋಗಿದ್ದಾನೆ.
ರಸ್ತೆಗೆ ಪ್ರತಿ ಚುನಾವಣೆಗೊಂದು ಹೊಸ ಕಾಂಕ್ರೀಟು,
ಮನೆಗೆ ಪ್ರತಿ ಸಲ ಒಂದು ಮೆಟ್ಟಿಲು ಕಡಿಮೆ.
ಈಗ ಹೊಸ್ತಿಲು ದಾಟುವುದಿಲ್ಲ, ಇಳಿಯುತ್ತೇವೆ.

ಚೌಡವ್ವ ಢವಳಿ ಎದ್ದು ನಿಲ್ಲಲಿಲ್ಲ.
ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟೇ ಕೂತಳು,
ಲಾಳಿ ಕೈಯಲ್ಲಿ ಹಿಡಿದು.
“ನೀವು ಬಾಗಲಾಗ ಅಳೀತೀರಿ.
ಬಾಗಲಿಂದ ಬರೂದು ಕಡೀಕ.
ಮದಲ ಕುಣ್ಯಾಗ ಬರತೈತಿ, ತಳದಿಂದ,
ಕಳ್ಳರಂಗ ಅಲ್ಲ, ತವರಮನಿಗೆ ಬಂದಂಗ.
ಕಾಲಮಣಿ ತುಳಿಯೋ ಹೆಬ್ಬಟ್ಟಿಗೆ ತಣ್ಣಗ ಹತ್ತತೈತಿ.
ಆಗ ಹಾಸು ಕತ್ತರಿಸಿ, ಸುತ್ತಿ, ಅಟ್ಟಕ್ಕ ಒಗೀತೇನಿ.
ಮುದುಕರನ್ನ ಮ್ಯಾಲಿನ ಓಣಿಗೆ ಕಳಸ್ತೇನಿ.
ಒಂದೂವರಿ ತಾಸು ಸಿಗತೈತಿ. ಹೆಚ್ಚ ಇಲ್ಲ.
ನಿಮ್ಮ ಆಫೀಸಿನ ಮೆಸೇಜು ಬರೂದ್ರಾಗ
ನನ್ನ ಮೊಬೈಲನ ತೇಲತಿರತೈತಿ.”

ನಕಾಶೆ ಬಿಡಿಸಿ ನೋಡಿದೆ.
ನಾಲಾದ ದಂಡೆ ಕೆಂಪು, ಅದರಾಚೆ ಹಳದಿ,
ಚೌಡವ್ವನ ಓಣಿ ಹಸಿರು.
ಹಸಿರೆಂದರೆ ಚಿಂತೆಯಿಲ್ಲ.
ಬಣ್ಣ ತುಂಬಿದವಳು ನಾನೇ, ಹೋದ ತಿಂಗಳು,
ಫ್ಯಾನಿನ ಕೆಳಗೆ ಕೂತು.

ಆದರೂ ಕೇಳಿದೆ, ಕಾಲಂ ತುಂಬಬೇಕಲ್ಲ:
ಎಲ್ಲೀಮಟ ಬಂದಿತ್ತು, ಆಮ್ಯಾಲೆ ಯಾವಾಗ ಹೋಯ್ತು?

“ಹೋಗೈತಿ ಅಂತ ನಿಮಗ ಯಾರ ಹೇಳಿದ್ರು?”

ಚಪ್ಪಲಿ ಬಿಟ್ಟು ಇಳಿ ಎಂದಳು. ಇಳಿದೆ.
ಹೊರಗೆ ಡಾಂಬರು ಕರಗುವ ಬಿಸಿಲು.
ಕುಣಿಯ ಗೋಡೆ ಬೆವೆತಿತ್ತು,
ತಳದ ಮಣ್ಣು ನನ್ನ ಪಾದವನ್ನು ಮೆಲ್ಲಗೆ ಹೀರಿಕೊಂಡಿತು.
ನಕಾಶೆಯಲ್ಲಿ ಹಸಿರು.
ಇಲ್ಲಿ, ಹಸಿ.

“ಬಾಯಾರ, ಕೋಲು ಎಲ್ಲಿ ಹಿಡೀಲಿ?”
ಇರ್ಫಾನ ಬಾಗಿಲಲ್ಲೇ ನಿಂತು ಕೂಗಿದ.
ಆ ಕಾಲಮ್ಮಿಗೆ ಸೊನ್ನೆಯಿಂದ ಕೆಳಗೆ ಗೊತ್ತಿಲ್ಲ.
ಅಂಚಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ:
ಹೆಬ್ಬಟ್ಟು. ಒಂದೂವರೆ ತಾಸು.
ಓದಿದವರು ನಗಬಹುದು. ಇರಲಿ.

“ಕಾಲ ತಗೀರಿನ್ನ,” ಅಂದಳು ಚೌಡವ್ವ,
“ಎರಡ ಮೊಳ ಉಳದೈತಿ.”