ಎದೆಮಟ್ಟದ ತಂತಿ

ಸೋಮವಾರ ಬೆಳಿಗ್ಗೆ ನನ್ನ ಕೆಲಸ ಹೆಸರು ಅಳಿಸೋದು.
ಮೂಡಿಗೆರೆಯಿಂದ ತಂದ ತಂತಿಬ್ರಷ್ಷು,
ಒಂದು ಬಾಟಲಿ ಥಿನ್ನರ್, ಹಳೇ ಬನಿಯನ್ ಚೂರು.
ಗಾಳಿಬೋರೆ ಹತ್ತುವ ದಾರಿಯ ಮೂರನೇ ತಿರುವಿನ ಬಂಡೆ
ಭಾನುವಾರ ಸಂಜೆಯೊಳಗೆ ಹಾಜರಿ ಪುಸ್ತಕವಾಗಿರುತ್ತೆ.
ತನ್ಮಯ್. ರಕ್ಷಾ. ಯಾವುದೋ ಕಾಲೇಜಿನ ಬ್ಯಾಚು.
ಒಬ್ಬ ಫೋನ್ ನಂಬರನ್ನೂ ಬರೆದಿದ್ದ.
ಮಾಡಿದೆ. "ಬಂದು ಉಜ್ಜು ಮಾರಾಯ" ಅಂದೆ.
ರಾಂಗ್ ನಂಬರ್ ಅಂದ.

ಕಲ್ಲಿಗೆ ಇಳಿದ ಬಣ್ಣ ಪೂರಾ ಹೋಗಲ್ಲ,
ಉಜ್ಜಿದಷ್ಟೂ ಮಾಸಲು ನೀಲಿ.
ಪಕ್ಕದ ಕಲ್ಲುಹೂವಂತೂ ಸತ್ತದ್ದು ನನ್ನ ಬ್ರಷ್ಷಿಗೇ.
ಅದನ್ನ ಯಾವ ರಿಜಿಸ್ಟರಲ್ಲೂ ಬರೆದಿಲ್ಲ.

ಹೋದ ವರ್ಷ ಬಾಣದ ಬೋರ್ಡನ್ನ ಯಾರೋ ತಿರುಗಿಸಿಟ್ಟರು,
ಪ್ರಪಾತದ ಕಡೆಗೆ.
ತಮಾಷೆಗೆ.
ಹಾಸನದ ಇಬ್ಬರು ಮೇಷ್ಟ್ರು ರಾತ್ರಿಯಿಡೀ ಹುಲ್ಲಲ್ಲಿ ಕೂತಿದ್ದು
ಬೆಳಗಿನ ಜಾವ ಸಿಕ್ಕಾಗ ನನಗೆ ಬೈಯಲಿಲ್ಲ;
ಒಬ್ಬರು ಕೈ ಹಿಡಿದುಕೊಂಡರು, ಬಿಡಲಿಲ್ಲ,
ಸುಮಾರು ಹೊತ್ತು.

ಆಮೇಲೆ ಬೈಕುಗಳು.
ನಡೆಯೋರ ದಾರಿ ಇದು, ಎರಡು ಪಾದದಗಲ.
ಮೊದಲ ಮಳೆಗೆ ಗಾಲಿಯ ಗೆರೆ ಕಾಲುವೆಯಾಯಿತು.
ಗೇಟು ಹಾಕಿದೆವು, ಬೀಗ ಒಡೆದರು.
ಕಂದಕ ತೋಡಿದೆವು, ಹಲಗೆ ಹಾಸಿದರು.
ಸಾಹೇಬರು "ಫೋಟೋ ಕಳಿಸು" ಅಂದರು. ಕಳಿಸಿದೆ.
ಎರಡು ನೀಲಿ ಗೀಟು ಬಂತು. ಅಷ್ಟೇ.

ಹುಲ್ಲುಹೊರೆ ಹೊತ್ತು ಇಳಿಯುತ್ತಿದ್ದ ಸುಗಂಧಿ
ಬೈಕಿಗೆ ದಾರಿ ಬಿಡಲು ಹೋಗಿ ಅಂಚಿನಿಂದ ಉರುಳಿದಳು.
ಹೊರೆ ಅಡಿಗೆ ಬಿತ್ತು, ಬದುಕಿದಳು. ಸೊಂಟ ಉಳಿಯಲಿಲ್ಲ.
ಹುಡುಗರು ನಿಂತರು, ಅದನ್ನೂ ಹೇಳಬೇಕು,
ಇಳಿದು ಹೋಗಿ ನೀರು ಕುಡಿಸಿದರು.
ಬಂಡೆಗೆ ಹೇಳುವ ಹೆಸರನ್ನ ಅವಳಿಗೆ ಮಾತ್ರ ಹೇಳಲಿಲ್ಲ.

ಈ ಸೋಮವಾರ ಮಂಜಿನಲ್ಲಿ ಬ್ರಷ್ಷು ಬೀಸಿಕೊಂಡು ಹತ್ತುವಾಗ
ಎದೆಗೆ ಏನೋ ತಣ್ಣಗೆ ತಾಗಿತು.
ನಿಂತೆ.
ನೇರಳೆ ಮರದಿಂದ ನಂದಿ ಮರಕ್ಕೆ ಎಳೆದ ಬೇಲಿ ತಂತಿ,
ಉದ್ದಕ್ಕೂ ಹನಿ ಕೂತಿತ್ತು.
ಬೆರಳಲ್ಲಿ ಮೀಟಿದರೆ ಸ್ವರ ಬರುವಷ್ಟು ಬಿಗಿ.

ಬೈಕಿನ ಮೇಲೆ ಕೂತವನ ಎದೆಯ ಎತ್ತರ ಅಳೆದು ಕಟ್ಟಿದ್ದು.
ಲೆಕ್ಕ ಸರಿಯಾಗೇ ಇತ್ತು.
ಎಂಟೂವರೆಗೆ ಮೇಲಿನ ಎಸ್ಟೇಟ್ ಲೈನಿನಿಂದ
ಶಾಲೆಗೆ ಓಡುತ್ತ ಇಳಿಯುವ ಜಾನಕಿಯ ಮಗಳಿಗೆ
ಅದೇ ಎತ್ತರ
ಕತ್ತು.

ಗಂಟು ನೋಡಿದೆ.
ಎರಡು ಸುತ್ತು, ಒಂದು ಮಡಿಕೆ, ತುದಿ ಒಳಕ್ಕೆ.
ದನಕ್ಕೆ ಚುಚ್ಚಬಾರದು ಅಂತ ನಮ್ಮಪ್ಪ ಕಲಿಸಿದ ಗಂಟು.
ಕಲಿತವರು ಇಬ್ಬರೇ. ನಾನು, ನನ್ನ ತಮ್ಮ ಭೋಜ,
ಸುಗಂಧಿಯ ಗಂಡ.
ಇಂಥದ್ದು ಕಟ್ಟುವಾಗಲೂ
ಮರೆಯದೆ ತುದಿಯನ್ನ ಒಳಗೆ ತಿರುಗಿಸಿದ್ದಾನೆ.

ಕಟಿಂಗ್ ಪ್ಲೇಯರ್ ಇರಲಿಲ್ಲ.
ಕೆಳಗೆಲ್ಲೋ ಸೈಲೆನ್ಸರ್ ಇಲ್ಲದ ಬೈಕಿನ ಸದ್ದು ಏರುತ್ತಿತ್ತು.
ಮೇಲಿಂದ ಟಿಫಿನ್ ಡಬ್ಬಿಯೊಳಗಿನ ಚಮಚದ ಕಿಣಿಕಿಣಿ.
ಒದ್ದೆ ಬೆರಳು ಜಾರುತ್ತಿತ್ತು. ಅಪ್ಪನನ್ನ ಬೈದೆ.
ಬಿಚ್ಚಿದೆ.

ಬಂಡೆಯ ಹತ್ತಿರ ಬಂದು ಅವಳು ಉಸಿರುಬಿಡುತ್ತ ನಿಂತಳು.
"ಇವತ್ತು ಯಾರ ಹೆಸರು ಮಾವ?"
"ಇನ್ನೂ ನೋಡಿಲ್ಲ" ಅಂದೆ.
ಬೈಕು ಬಂದರೆ ಗುಡ್ಡದ ಕಡೆ ನಿಲ್ಲು, ಕಣಿವೆ ಕಡೆ ಅಲ್ಲ,
ಓಡಬೇಡ, ಮಂಜಿದ್ದಾಗ ಹಾಡು ಹೇಳಿಕೊಂಡು ಇಳಿ ಅಂದೆ.
ತಲೆಯಾಡಿಸಿದಳು. ನನ್ನ ಕಂಕುಳಲ್ಲಿದ್ದ ತಂತಿ ಸುರುಳಿಯನ್ನ
ಒಮ್ಮೆ ನೋಡಿದಳು.

"ಬೇಲಿಗೆ" ಅಂದೆ,
ಅವಳು ಕೇಳದಿದ್ದರೂ.