ಜೊತೆಗೆ ಹತ್ತು ರೂಪಾಯಿ

ಕೇಳೋಕೆ ಬಂದವರಿಗೆ
ಕೇಳದ ಹಾಗೆ ಮಾಡೋ ವಸ್ತು ಮಾರುತ್ತ ನಿಂತಿದ್ದೇನೆ
ವಸಂತನರಸಾಪುರದ ಫ್ಯಾಕ್ಟರಿಗಳ ಹಿಂದೆ,
ಕೆಮ್ಮಣ್ಣು ಕೆರೆದು ಮಾಡಿದ ಟ್ರ್ಯಾಕಿನ ಹಗ್ಗದಾಚೆ.
ಕುತ್ತಿಗೆಗೆ ನೇತುಬಿಟ್ಟ ತಟ್ಟೆಯಲ್ಲಿ
ಕಿತ್ತಳೆ ಬಣ್ಣದ ಸ್ಪಂಜಿನ ಮೊಗ್ಗು,
ಜೊತೆಗೆ ಹತ್ತು ರೂಪಾಯಿ.

"ಏನಕ್ಕ ಇದು, ಪೆಪ್ಪರಮೆಂಟಾ?"
ಕೇಳಿದವನು ಒಂದನ್ನು ಬಾಯಿಗೇ ಹಾಕಿಕೊಳ್ಳಬೇಕೆ!
ಇನ್ನೊಬ್ಬ ನಕ್ಕ: "ಇನ್ನೂರು ಕೊಟ್ಟು ಸೌಂಡ್ ಕೇಳೋಕೆ ಬಂದಿದೀವಿ,
ಮೇಲೆ ಹತ್ತು ಕೊಟ್ಟು ಕಿವಿ ಮುಚ್ಕೋಬೇಕಾ?"
ನ್ಯಾಯವಾದ ಮಾತೇ.
ತಟ್ಟೆ ಇಡ್ಲಿಯವನ ಮುಂದೆ ಸಾಲು,
ನನ್ನ ಮುಂದೆ ನೊಣ.

ಈ ಮಾಲು ನನ್ನ ಕೊನೆಯ ಸಂಬಳ.
ಗುಬ್ಬಿ ರಸ್ತೆಯ ನೂಲಿನ ಮಿಲ್ಲಿಗೆ ಬೀಗ ಬಿದ್ದ ದಿನ
ಸ್ಟೋರಿನವನು ಕರೆದು ಎರಡು ಡಬ್ಬ ಕೊಟ್ಟ:
"ದುಡ್ಡಿಲ್ಲ ರಂಗಹನುಮಕ್ಕ, ಇದನ್ನಾದರೂ ಒಯ್ಯಿ."
ತಪಾಸಣೆಯವರು ಬಂದಾಗ ಮೇಜಿನ ಮೇಲೆ ಜೋಡಿಸಿ
ಸಂಜೆಗೆ ಎಣಿಸಿ ಒಳಗಿಡುತ್ತಿದ್ದರು.
ಬೀರುವಿಗೆ ಎರಡು ಬೀಗ.
ನಮ್ಮ ಕಿವಿಗೆ ಚಿಲಕವೂ ಇರಲಿಲ್ಲ.

ಮೊದಲ ಬೈಕು ಕಿಕ್ಕಿಗೆ ಎದ್ದಿತು.
ಆಮೇಲೆ ಹನ್ನೆರಡೂ.
ತಟ್ಟೆ ನನ್ನ ಹೊಟ್ಟೆಗೊತ್ತಿ ನಡುಗಿತು,
ಇಡ್ಲಿಯವನ ಚಟ್ನಿಯಲ್ಲಿ ಉಂಗುರ ಉಂಗುರ.

ಈಗ ಬಂದರು ನೋಡಿ.

ಹೀಗೆ ಕಣಪ್ಪ, ಬತ್ತಿ ಹೊಸೆದ ಹಾಗೆ ಹೊಸಿ.
ಬಲಗೈಯನ್ನ ತಲೆ ಮೇಲಿಂದ ತಂದು ಎಡಗಿವಿ ಮೇಲಕ್ಕೆಳಿ,
ಮೇಷ್ಟರು ಹಿಂಡಿದ್ದು ಮರೆತಿಲ್ಲ ತಾನೆ?
ತೂರಿಸು. ಬೆರಳು ತೆಗೀಬೇಡ, ಮೂವತ್ತು ಎಣಿಸು,
ಒಳಗೆ ಉಬ್ಬಬೇಕು, ನೆನೆಹಾಕಿದ ಕಡಲೆ ಥರ.
ಗಟ್ಟಿಮೀಸೆಯ ಆಳು ಕಣ್ಣು ಮುಚ್ಚಿ
ಒಂದನೇ ಕ್ಲಾಸಿನವನಂತೆ ಎಣಿಸಿದ.
ನನ್ನ ಮಾತು ಯಾರಿಗೂ ಕೇಳಲಿಲ್ಲ,
ಬೆರಳು ನೋಡಿ ಕಲಿತರು.

ನನಗೆ ಮಾತ್ರ ಅವರದು ಕೇಳುತ್ತಿತ್ತು.
ರಿಂಗ್ ಫ್ರೇಮಿನ ಆಚೆ ಬದಿಯಿಂದ
ಮುನೀರುನ್ನಿಸಾ ಕಲಿಸಿದ ವಿದ್ಯೆ, ತುಟಿ ಓದುವುದು.
ಎಂಟು ವರ್ಷ ದನಿಯಿಲ್ಲದೆ ಹರಟಿದೆವು,
ಅವಳ ಮಗಳ ನಿಕಾಹ್, ನನ್ನ ಆಪರೇಷನ್,
ಮೇಸ್ತ್ರಿಯ ಏಳು ತಲೆಮಾರು.
ಅವಳ ದನಿ ಹೇಗಿತ್ತು ಅಂದರೆ ತಡವರಿಸುತ್ತೇನೆ.
ಒಂದೇ ತೊಡಕು, ಅನ್ನುತ್ತಿದ್ದಳು:
ಅಪ್ಪ, ಅಮ್ಮ, ಅಬ್ಬ, ತುಟಿಗೆ ಮೂರೂ ಒಂದೇ.

ಹಗ್ಗದ ಬಳಿ ಒಬ್ಬ ಹುಡುಗ, ಐದು ವರ್ಷವಿದ್ದೀತು.
ಒಂಬತ್ತನೇ ನಂಬರಿನವನ ಮಗನಂತೆ,
ಶಿರಾ ಗೇಟಿನ ಮೆಕ್ಯಾನಿಕ್ಕು.
ಎಷ್ಟು ಹೊಸೆದರೂ ಮೊಗ್ಗು ಆ ಕಿವಿಗೆ ದಪ್ಪ.
ತಟ್ಟೆ ಕೆಳಗಿಟ್ಟೆ. ಮಂಡಿಯೂರಿ
ಅವನ ಎರಡೂ ಕಿವಿಗೆ ಅಂಗೈ ಮುಚ್ಚಿದೆ.
ನನ್ನ ಬೆನ್ನು ರೇಸಿಗೆ, ನನ್ನ ಕಿವಿ ಬಟಾಬಯಲು.
ರೇಸು ನೋಡಿದ್ದು ಅವನ ಮುಖದಲ್ಲಿ:
ಹುಬ್ಬು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ,
ಮೂಗಿನ ಮೇಲೆ ಕೆಂಪು ಧೂಳು.

ನಾಲ್ಕನೇ ಸುತ್ತಿಗೆ ಅವನ ತುಟಿ ಕೂಡಿ, ತೆರೆಯಿತು.
ಅಪ್ಪ? ಅಮ್ಮ? ಬರೀ ಅಬ್ಬಾ?

ತಿರುಗಿ ನೋಡಲಿಲ್ಲ. ಕೈ ತೆಗೆದರೆ ಸದ್ದು ಹೊಡೆಯುತ್ತೆ.
ನಾನೂರು ಕದಿರಲ್ಲಿ ಒಂದು ನಿಂತರೂ
ಬೆನ್ನಿಗೇ ತಿಳಿಯುತ್ತಿತ್ತು ನಮಗೆ.
ಹನ್ನೊಂದು. ಹನ್ನೊಂದೇ ಓಡುತ್ತಿವೆ.
ಎಣಿಸಿದೆ, ಕಿವಿಗೆ ಮೊಗ್ಗಿಟ್ಟವಳಂತೆ,
ಹತ್ತು, ಹದಿನೇಳು, ಇಪ್ಪತ್ತಾರಕ್ಕೆ
ಕೆಮ್ಮಿ ಕೆಮ್ಮಿ ಹನ್ನೆರಡನೆಯದು ಎದ್ದಿತು.
ಹುಡುಗನ ಹುಬ್ಬು ಮತ್ತೆ ಓಡಿತು.

ಸಂಜೆ ಎಣಿಸಿದರೆ ಮೂವತ್ತೊಂದು ಜೊತೆ.
ಬಸ್‌ಸ್ಟಾಪಿನಲ್ಲಿ ಅದೇ ನ್ಯಾಯದ ಮಾತಿನವನು
ತಲೆ ಒದರುತ್ತ ಬಂದ:
"ಅಕ್ಕಾ, ಕಿವೀಲಿ ಕುಯ್ ಅಂತಿದೆ, ಏನಾದರೂ ಇದೆಯಾ?"
ಅದಕ್ಕೆ ಮದ್ದಿಲ್ಲಪ್ಪ, ಜೀರುಂಡೆ ಅದು.
ಅದೃಷ್ಟವಿದ್ದರೆ ನಾಳೆ ಹೊತ್ತಿಗೆ ಹಾರಿಹೋಗುತ್ತೆ.
ನನ್ನ ಎಡಗಿವಿಯದು ಬಾಡಿಗೆಗೆ ಬಂದದ್ದು,
ಮಿಲ್ಲು ಮುಚ್ಚಿದರೂ ಮನೆ ಬಿಟ್ಟಿಲ್ಲ.

ಅವನು "ಆಂ?" ಅಂದ.